ಗಂಟೆಗೆ ತುರುಕಿದ ಬಟ್ಟೆ

ಹೋದ ತಿಂಗಳು ನನ್ನ ತಮ್ಮನ ಮಗಳು ಊಟಕ್ಕೆ ಬಂದಿದ್ದಳು. ಯಾವುದೋ ಕಂಪನಿಯಲ್ಲಿ ನೆಟ್‌ವರ್ಕ್ ಕಾಯುವ ಕೆಲಸಕ್ಕೆ ಈಗಷ್ಟೇ ಸೇರಿದ್ದಾಳೆ. ಅನ್ನ ಕಲಸುವಾಗ ಅವಳ ಫೋನು ಟಿಣ್ ಎಂದಿತು. ಸಾರು ಬಡಿಸುವಷ್ಟರಲ್ಲಿ ಮತ್ತೆ ಟಿಣ್. ಮಜ್ಜಿಗೆಗೆ ಬರುವ ಹೊತ್ತಿಗೆ ಆ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿದಿತ್ತು. ಅವಳು ಮಾತ್ರ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ.

“ಏನೇ ಅದು?” ಅಂದೆ.

“ಅಲಾರಂ ಅತ್ತೆ. ಎಲ್ಲೋ ಲಿಂಕ್ ಹೋಗಿರುತ್ತೆ. ಬರ್ತಾನೇ ಇರ್ತವೆ, ಯಾರು ನೋಡ್ತಾರೆ?” ಎಂದು ಫೋನನ್ನು ಮಗುಚಿ ಸೋಫಾದ ದಿಂಬಿನ ಕೆಳಗೆ ತಳ್ಳಿದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಮೂರು ಹೊತ್ತೂ ಅಲಾರಂ ಕಳಿಸಿ ಕಳಿಸಿ, ಆ ಹುಡುಗಿ ಯಾವುದನ್ನೂ ನೋಡದ ಹಾಗೆ ಮಾಡಿದವರ ಮೇಲೆ. ನನ್ನ ನೌಕರಿಯುದ್ದಕ್ಕೂ ನಾನು ಜಗಳ ಆಡಿದ್ದು ಇದೇ ವಿಷಯಕ್ಕೆ. ನಿವೃತ್ತರಾದವರು ಬರೆಯಲು ಕೂತರೆ ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂದು ಬರೆಯುತ್ತಾರೆ. ನನ್ನ ಹತ್ತಿರ ಅಂಥ ಏರಿಕೆಗಳು ಕಡಿಮೆ, ಜಗಳಗಳು ಬೇಕಾದಷ್ಟಿವೆ. ಅವನ್ನೇ ಬರೆಯುತ್ತೇನೆ. ಇದರಲ್ಲಿ ಯಾರೂ ತಪ್ಪೊಪ್ಪಿಗೆ ಹುಡುಕಬೇಡಿ, ಸಿಗುವುದಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಡಿಪ್ಲೊಮಾ ಮುಗಿಸಿ ದೂರವಾಣಿ ಕೆಲಸಕ್ಕೆ ಸೇರಿದಾಗ ನನ್ನನ್ನು ಗುಬ್ಬಿಯ ಎಕ್ಸ್‌ಚೇಂಜಿಗೆ ಹಾಕಿದರು. ತುಮಕೂರಿನಿಂದ ದಿನಾ ಬಸ್ಸು. ಎಕ್ಸ್‌ಚೇಂಜ್ ಎಂದರೆ ಒಂದು ಹಾಲ್, ಅದರ ತುಂಬ ಆಳೆತ್ತರದ ಕಬ್ಬಿಣದ ಕಪಾಟುಗಳು, ಪಕ್ಕದ ಕೋಣೆಯಲ್ಲಿ ಸಾಲಾಗಿ ಬ್ಯಾಟರಿಗಳು. ಕರೆಂಟು ಹೋದರೆ ಬ್ಯಾಟರಿಯ ಮೇಲೆ ಊರಿನ ಫೋನುಗಳು ನಡೆಯುತ್ತವೆ. ಬ್ಯಾಟರಿಯೂ ಇಳಿದರೆ ಊರು ಮೂಕ. ಇಷ್ಟು ತಿಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆ ಹಾಲ್‌ನ ಬಾಗಿಲ ಮೇಲೆ ಶಾಲೆಯ ಗಂಟೆಯ ಹಾಗಿನ ಒಂದು ಎಲೆಕ್ಟ್ರಿಕ್ ಗಂಟೆ ಇತ್ತು. ಏನು ಕೆಟ್ಟರೂ ಅದು ಹೊಡೆಯಬೇಕು. ನಾನು ಹೋದ ಮೊದಲ ವಾರ ಅದು ಒಮ್ಮೆಯೂ ಹೊಡೆಯಲಿಲ್ಲ. ಪರವಾಗಿಲ್ಲ, ಇಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ. ಒಂದು ದಿನ ಧೂಳು ಹೊಡೆಯಲು ಕುರ್ಚಿ ಹಾಕಿಕೊಂಡು ಹತ್ತಿ ನೋಡಿದರೆ, ಗಂಟೆಯ ಬಟ್ಟಲಿಗೂ ಅದನ್ನು ಬಡಿಯುವ ಸುತ್ತಿಗೆಗೂ ನಡುವೆ ಹಳೆಯ ಪಂಚೆಯ ತುಂಡೊಂದನ್ನು ಮಡಿಸಿ ತುರುಕಿದ್ದರು. ಸುತ್ತಿಗೆ ಪಾಪ ಆ ಬಟ್ಟೆಯನ್ನೇ ಮೆತ್ತಗೆ ಗುದ್ದುತ್ತಾ ಇತ್ತು.

ತುರುಕಿದವರು ರಂಗಪ್ಪನವರು. ಅಲ್ಲಿನ ಹಿರಿಯ ಮೆಕ್ಯಾನಿಕ್, ನನ್ನ ತಂದೆಯ ವಯಸ್ಸು, ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ದೇವರ ಅಭಿಷೇಕದಷ್ಟು ಶ್ರದ್ಧೆಯಿಂದ ಮಾಡುವವರು. ಸೋಮಾರಿ ಎನ್ನುವಂತಿರಲಿಲ್ಲ. ಕೇಳಿದ್ದಕ್ಕೆ ನಾಚಿಕೊಳ್ಳಲೂ ಇಲ್ಲ.

“ನೋಡವ್ವಾ, ಕರೆಂಟ್ ಹೋದ್ರೂ ಹೊಡೀತದೆ, ಬಂದ್ರೂ ಹೊಡೀತದೆ, ಬಾಗ್ಲು ತೆಗುದ್ರೂ ಹೊಡೀತದೆ. ಫ್ಯಾನ್ ನಿಂತ್ರೂ ಅದೇ ಗಂಟೆ, ಮನೆಗೆ ಬೆಂಕಿ ಬಿದ್ರೂ ಅದೇ ಗಂಟೆ. ಮಗು ಒಂದೇ ಸಮ ಅಳ್ತಾನೇ ಇದ್ರೆ ಹೆತ್ತೋಳಾದ್ರೂ ಎಷ್ಟು ಸಲ ಎದ್ ಹೋಗ್ತಾಳೆ, ಹೇಳು?”

“ಹಂಗಂತ ಮಗೂ ಬಾಯಿಗೆ ಬಟ್ಟೆ ತುರುಕ್ತಾರಾ ರಂಗಪ್ಪನೋರೆ?”

ಅವರು ಜೋರಾಗಿ ನಕ್ಕರು. ಆದರೆ ಬಟ್ಟೆ ತೆಗೆಯಲಿಲ್ಲ.

ನಾನು ತೆಗೆದೆ. ತೆಗೆದ ದಿನವೇ ಅವರು ಯಾಕೆ ತುರುಕಿದ್ದರೆಂದು ಗೊತ್ತಾಯಿತು. ಗುಬ್ಬಿಯಲ್ಲಿ ಆಗ ಕರೆಂಟು ಹೋಗಿ ಬಂದು ಮಾಡುತ್ತಲೇ ಇತ್ತು. ಗಂಟೆ ಹೊಡೆದು ಹೊಡೆದು ಪಕ್ಕದ ಸೈಕಲ್ ಅಂಗಡಿಯವನು ಬಂದು, “ಮೇಡಂ, ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಆಗೈತಾ?” ಎಂದು ಕೇಳಿ ಹೋದ. ಹಾಗಂತ ಮತ್ತೆ ಬಟ್ಟೆ ತುರುಕಲು ನನಗೆ ಮನಸ್ಸು ಬರಲಿಲ್ಲ. ತಪ್ಪು ಕಿವಿಯದಲ್ಲ, ಗಂಟೆಗೆ ಬರುವ ತಂತಿಗಳದು ಎನ್ನುವುದು ತಲೆಗೆ ಹೊಳೆಯಿತು. ಕರೆಂಟು ಹೋದದ್ದಕ್ಕೆ ಗಂಟೆ ಯಾಕೆ? ಕರೆಂಟು ಹೋಗುತ್ತದೆ ಎಂದೇ ತಾನೆ ಬ್ಯಾಟರಿ ಇಟ್ಟಿರುವುದು? ಬ್ಯಾಟರಿ ಇಳಿಯತೊಡಗಿದರೆ ಆಗ ಹೊಡೆಯಲಿ. ಬಾಗಿಲು, ಫ್ಯಾನು, ಕರೆಂಟಿನ ತಂತಿಗಳನ್ನು ಬಿಚ್ಚಿ ಬರೀ ಸೂಚನೆಯ ದೀಪಕ್ಕೆ ಕೊಟ್ಟೆ. ಬ್ಯಾಟರಿ, ಬೆಂಕಿ, ಎಕ್ಸ್‌ಚೇಂಜೇ ನಿಲ್ಲುವುದು, ಇಷ್ಟಕ್ಕೆ ಮಾತ್ರ ಗಂಟೆ ಉಳಿಸಿದೆ. ರಂಗಪ್ಪನವರೇ ಟಾರ್ಚ್ ಹಿಡಿದು ನಿಂತರು.

ಆಮೇಲೆ ಗಂಟೆ ಅಪರೂಪಕ್ಕೆ ಹೊಡೆಯಿತು. ಹೊಡೆದಾಗಲೆಲ್ಲ ನಾವಿಬ್ಬರೂ ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತಿದ್ದೆವು. ರಂಗಪ್ಪನವರು ಟೀ ಲೋಟವನ್ನು ಹಾಗೇ ನೆಲದ ಮೇಲಿಟ್ಟು ಬ್ಯಾಟರಿ ಕೋಣೆಗೆ ಓಡುವುದನ್ನು ನೋಡುವುದೇ ನನಗೊಂದು ಸಂತೋಷವಾಗಿತ್ತು.

ಆ ಸಂತೋಷ ಇನ್‌ಸ್ಪೆಕ್ಷನ್‌ವರೆಗೆ. ತಪಾಸಣೆಗೆ ಬಂದ ಅಧಿಕಾರಿ ಬಾಗಿಲು ತೆಗೆದು ನಿಂತರು, ಗಂಟೆ ಹೊಡೆಯಲಿಲ್ಲ. ಯಾಕೆ ಎಂದರು. ಹೇಳಿದೆ. ಬಟ್ಟೆ ತುರುಕಿದ್ದ ಕಾಲದಲ್ಲೂ ಅವರು ತಪಾಸಣೆಗೆ ಬಂದಿದ್ದರು. ಆಗ ಗಂಟೆ ಯಾಕೆ ಹೊಡೆಯಲಿಲ್ಲ ಎಂದು ಕೇಳಿರಲಿಲ್ಲ, ಯಾಕೆಂದರೆ ಆಗ ತಂತಿಗಳು ನಕ್ಷೆಯಲ್ಲಿದ್ದ ಹಾಗೇ ಇದ್ದವು. ನನಗೆ ಮೆಮೊ ಬಂತು, ತಂತಿಗಳು ಹಿಂದಿನ ಜಾಗಕ್ಕೆ ಹೋದವು. ನನ್ನನ್ನು ತುಮಕೂರಿಗೆ ವರ್ಗ ಮಾಡಿದರು. ನಾನು ಬಸ್ಸು ಹತ್ತುವ ಮೊದಲೇ ರಂಗಪ್ಪನವರು ಪಂಚೆಯ ತುಂಡು ಹುಡುಕುತ್ತಿದ್ದಿರಬೇಕು.

ತುಮಕೂರಿನಲ್ಲಿ ಕೆಲ ವರ್ಷ ಬೇರೆ ಬೇರೆ ಕೆಲಸ ಮಾಡಿದೆ. ಎರಡು ಸಾವಿರದ ಇಸವಿಯ ಆಚೀಚೆ ಅಲ್ಲಿ ಮಾನಿಟರಿಂಗ್ ರೂಮ್ ಬಂತು. ಎಸಿ, ಗಾಜಿನ ಬಾಗಿಲು, ಚಪ್ಪಲಿ ಹೊರಗೆ. ಗುಬ್ಬಿ, ಕುಣಿಗಲ್, ಊರ್ಡಿಗೆರೆ, ಎಲ್ಲ ಕಡೆಯ ಅಲಾರಂ ಒಂದೇ ಪರದೆಗೆ. ಅಲಾರಂ ಬಂದರೆ ಕೆಂಪು ಸಾಲು, ಜೊತೆಗೊಂದು ಕೂಗು. ನೋಡಿದ್ದೇನೆ ಎಂದು ತಿಳಿಸಲು ಅಕ್ನಾಲೆಡ್ಜ್ ಕೀ ಒತ್ತಬೇಕು. ನಮ್ಮ ಬಾಯಲ್ಲಿ ಅದು ಬರೀ ‘ಅಕ್’. ಒತ್ತಿದರೆ ಕೂಗು ನಿಂತು ಸಾಲು ಕೆಳಗೆ ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಅಲಾರಂ ಮತ್ತೆ ಬರುತ್ತದೆ, ಮತ್ತೆ ಅಕ್.

ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಕೂತ ಮೇಲೆ ಗೊತ್ತಾಯಿತು, ಗುಬ್ಬಿಯ ಗಂಟೆಯೇ ಕೋಟು ಹಾಕಿಕೊಂಡು ಇಲ್ಲಿಗೆ ಬಂದಿದೆ ಎಂದು. ಕುಣಿಗಲ್‌ನಲ್ಲಿ ಕರೆಂಟು ಹೋಯಿತು ಅನ್ನಿ. ‘ಕರೆಂಟು ಇಲ್ಲ’ ಎಂದು ಒಂದು ಸಾಲು. ಕರೆಂಟು ಇಲ್ಲದ ಮೇಲೆ ಚಾರ್ಜರ್ ನಡೆಯುವುದೇ? ‘ಚಾರ್ಜರ್ ನಿಂತಿದೆ’ ಎಂದು ಇನ್ನೊಂದು. ‘ಎಸಿ ನಿಂತಿದೆ’, ‘ಫ್ಯಾನ್ ನಿಂತಿದೆ’, ‘ಕೋಣೆ ಬಿಸಿಯಾಗುತ್ತಿದೆ’. ಅಳಿಯ ಅಲ್ಲ, ಮಗಳ ಗಂಡ! ಆಗಿದ್ದು ಒಂದು, ಕೂಗುವವು ಹತ್ತು. ರಸ್ತೆ ಅಗೆಯುವವರು ಒಂದು ಕಡೆ ಕೇಬಲ್ ಕತ್ತರಿಸಿದರಂತೂ, ಅದರಾಚೆಗಿನ ಹಳ್ಳಿಗಳೆಲ್ಲ ಒಟ್ಟಿಗೆ ಬಾಯಿ ಬಡಿದುಕೊಂಡು ಪರದೆ ಕುಂಕುಮ ಚೆಲ್ಲಿದ ಹಾಗಾಗುತ್ತಿತ್ತು.

ಸಾಫ್ಟ್‌ವೇರಿನಲ್ಲಿ ನಿಯಮ ಬರೆಯುವ ಜಾಗ ಇತ್ತು. ಯಾರೂ ಅದನ್ನು ತೆರೆದಿರಲಿಲ್ಲ. ನಾನು ತೆರೆದೆ. ಪುಸ್ತಕ ಓದಿ, ತಪ್ಪು ಮಾಡಿ ತಿದ್ದಿ, ನಿಯಮ ಹಾಕಿದೆ. ತಾಯಿ ಅಲಾರಂ ಬಂದಿದ್ದರೆ ಅದರ ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕು. ಒಮ್ಮೆ ಹೇಳಿದ್ದನ್ನು ಮತ್ತೆ ಮತ್ತೆ ಹೇಳಬಾರದು. ಬಾಗಿಲು, ಫ್ಯಾನು, ಕರೆಂಟಿಗೆ ಕೂಗಿಲ್ಲ. ಬ್ಯಾಟರಿ ಇಳಿದದ್ದನ್ನು ಮಾತ್ರ ಯಾವುದೂ ಮುಚ್ಚಬಾರದು, ಅದು ಎಲ್ಲಕ್ಕಿಂತ ಮೇಲೆ ಬಂದು ನಿಲ್ಲಬೇಕು.

ಪರದೆ ಹಸಿರಾಯಿತು. ನಾನು ಕಾಫಿ ಕುಡಿದೆ. ನಮ್ಮ ಸಾಹೇಬರ ಮುಖ ಮಾತ್ರ ಕಪ್ಪಾಯಿತು.

ಸಾಹೇಬರು ಎಂದರೆ ಶ್ರೀಕಂಠಯ್ಯನವರು. ನಮ್ಮ ವಿಭಾಗದ ಮುಖ್ಯಸ್ಥರು, ಇಸ್ತ್ರಿ ಮುರಿಯದ ಸಫಾರಿ, ಕೆಟ್ಟ ಮನುಷ್ಯರೇನಲ್ಲ. ಮೇಲಿನವರು ಮೆಚ್ಚಬೇಕು ಎನ್ನುವುದೊಂದೇ ಅವರ ರೋಗ.

“ಗಿರಿಜಾ, ಏನಿದು? ಸ್ಕ್ರೀನ್ ಖಾಲಿ ಹೊಡೀತಿದೆ.”

“ಖಾಲಿ ಇಲ್ಲ ಸರ್. ಕೆಟ್ಟಿಲ್ಲ, ಅದಕ್ಕೆ ಹಸಿರಿದೆ.”

“ಪಕ್ಕದ ಜಿಲ್ಲೆಯಲ್ಲಿ ಅಷ್ಟೊಂದು ಅಲಾರಂ ಅಟೆಂಡ್ ಮಾಡ್ತಿದಾರೆ. ನಮ್ಮಲ್ಲಿ ಹಿಂಗಿದ್ರೆ ಇವ್ರೇನ್ ನಿದ್ದೆ ಹೊಡೀತಾರಾ ಅಂತ ಕೇಳಲ್ವೇನಮ್ಮಾ ಮೇಲಿನೋರು? ಅದೇನ್ ಹಾಕಿದೀಯೋ ತೆಗಿ.”

“ನಾನು ತೆಗೆಯಲ್ಲ ಸರ್. ಬೇಕಾದ್ರೆ ನೀವು ತೆಗೆಸಿ.”

ತೆಗೆಸಿದರು. ಪರದೆ ಮತ್ತೆ ಕೆಂಪಾಯಿತು, ಸಾಹೇಬರ ಮುಖಕ್ಕೆ ಕಳೆ ಬಂತು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಅವರೆದುರಿಗೇ ಹೇಳಿದೆ, ಅವರಿಗೆ ಕೇಳಿಸಲಿಲ್ಲವೋ ಕೇಳಿಸದ ಹಾಗೆ ಇದ್ದರೋ ತಿಳಿಯದು.

ಇನ್ನು ನಾನು ಬರೆಯಬೇಕೆಂದು ಕೂತ ಸಂಗತಿಗೆ ಬರುತ್ತೇನೆ. ಅದು ಕುಣಿಗಲ್‌ನ ನಂಜುಂಡಯ್ಯನ ಕಥೆ.

ನಂಜುಂಡಯ್ಯ ಕುಣಿಗಲ್ ಎಕ್ಸ್‌ಚೇಂಜಿನ ಟೆಕ್ನಿಷಿಯನ್. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ‘ಆಯ್ತು ಸರ್’. ಅವನ ಬಾಯಿಂದ ಇಲ್ಲ ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

ಒಂದು ದಿನ ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ನಮ್ಮ ಮಾನಿಟರಿಂಗ್ ರೂಮ್ ನೋಡಲು ಬಂದರು. ನಮ್ಮ ದುರದೃಷ್ಟಕ್ಕೆ ಅವತ್ತು ಎಲ್ಲೂ ಏನೂ ಕೆಟ್ಟಿರಲಿಲ್ಲ. ಬಂದವರಿಗೆ ತೋರಿಸಲು ಅಲಾರಂ ಇಲ್ಲ! ಮದುವೆ ಮನೆಯಲ್ಲಿ ವಾಲಗದವನು ಬಾರದಿದ್ದರೆ ಹೆಣ್ಣಿನ ತಂದೆ ಒದ್ದಾಡುವ ಹಾಗೆ ಸಾಹೇಬರು ಒದ್ದಾಡಿದರು. ಕೊನೆಗೆ ಎಲ್ಲ ಎಕ್ಸ್‌ಚೇಂಜಿಗೂ ತಾವೇ ಫೋನ್ ಮಾಡಿದರು. “ಬಾಗ್ಲು ತೆಗೆದಿಡಿ. ಮೇನ್ ಸ್ವಿಚ್ ಆಫ್ ಮಾಡಿ. ನಾನು ಹೇಳೋವರೆಗೂ ಆನ್ ಮಾಡಬೇಡಿ.” ಫೋನಿನ ಸದ್ದು ಅತಿಥಿಗಳಿಗೆ ತೊಂದರೆ ಕೊಡಬಾರದೆಂದು ಆಮೇಲೆ ರಿಸೀವರನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದರು. ದೂರವಾಣಿಯವರ ಕೋಣೆ, ಅದರ ಫೋನು ಎತ್ತಿಟ್ಟಿದೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಪರದೆ ಕೆಂಪಾಯಿತು. ಕೂಗು ಶುರುವಾಯಿತು. ಬಂದವರು “ವೆರಿ ಗುಡ್” ಎಂದರು. ನಾನು ಅಕ್ ಒತ್ತುತ್ತಾ ಕೂತೆ. ತಟ್ಟೆ ಇಡ್ಲಿ ತಿಂದು ಅತಿಥಿಗಳು ದೇವರಾಯನದುರ್ಗಕ್ಕೆ ದೇವರ ದರ್ಶನಕ್ಕೆ ಹೊರಟರು, ಸಾಹೇಬರೂ ಜೊತೆಗೆ.

“ಸರ್, ಎಲ್ಲಾ ಕಡೆ ಆನ್ ಮಾಡಿಸ್ಲಾ?” ಅಂದೆ.

“ಬೇಡ ಬೇಡ. ಬೆಟ್ಟದಿಂದ ಬಂದು ಇನ್ನೊಂದ್ಸಲ ನೋಡ್ತಾರಂತೆ. ಹಂಗೇ ಇರ್ಲಿ. ಫೋನೂ ಹಂಗೇ ಇರ್ಲಿ.”

“ಬ್ಯಾಟರಿ ಹಳೇವು ಸರ್.”

“ಒಂದ್ ಗಳಿಗೇಲಿ ಬರ್ತೀವಿ ಕಣಮ್ಮಾ, ನೀನೊಬ್ಬಳು.”

ಬೆಟ್ಟಕ್ಕೆ ಹೋದವರು ಒಂದು ಗಳಿಗೆಯಲ್ಲಿ ಎಲ್ಲಿ ಬರುತ್ತಾರೆ? ನಾಮದ ಚಿಲುಮೆ ನೋಡಬೇಕು, ಪ್ರಸಾದ ಆಗಬೇಕು. ಸಾಹೇಬರ ಜೇಬಿನಲ್ಲಿ ಆಗ ಮೊಬೈಲೂ ಇರಲಿಲ್ಲ. ಅವರು ಹೋದ ಕೂಡಲೇ ನಾನು ರಿಸೀವರನ್ನು ಫೋನಿನ ಮೇಲಿಟ್ಟೆ. ಆಫೀಸಿನ ಕಾವಲಿಗೆ ಬಿಟ್ಟುಹೋಗಿದ್ದ ಗುಮಾಸ್ತರು ಬಂದು, “ಸಾಹೇಬ್ರು ನನಗೆ ಬೈತಾರೆ ಮೇಡಂ” ಎಂದು ಮತ್ತೆ ಎತ್ತಿಟ್ಟು ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅದರಲ್ಲೂ ಜಗಳವಾಯಿತು. ಆ ಜಗಳದ ನಡುವೆಯೂ ಪರದೆ ಕೂಗುತ್ತಿತ್ತು, ಕೈ ತಾನೇ ತಾನಾಗಿ ಅಕ್ ಒತ್ತುತ್ತಿತ್ತು. ಆ ಕೂಗುಗಳ ಮಧ್ಯೆ ಎಲ್ಲೋ ‘ಕುಣಿಗಲ್, ಬ್ಯಾಟರಿ ಇಳಿದಿದೆ’ ಎಂಬ ಸಾಲೂ ಬಂತು. ಅದನ್ನೂ ಒತ್ತಿದೆ. ನೋಡಲಿಲ್ಲ. ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ನೋಡುತ್ತಿರಲಿಲ್ಲ. ಇದನ್ನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ, ತಲೆ ತಗ್ಗಿಸದೆ ಹೇಳುತ್ತೇನೆ.

ಅತ್ತ ಊರ್ಡಿಗೆರೆಯವನು ಸಾಹೇಬರ ಮಾತನ್ನು ಗಾಳಿಗೆ ತೂರಿ, ತನಗೆ ಸಾಕೆನಿಸಿದಾಗ ಸ್ವಿಚ್ ಹಾಕಿ, ಬಾಗಿಲು ಮುಚ್ಚಿ ಊಟಕ್ಕೆ ಹೋಗಿದ್ದ. ಗುಬ್ಬಿಯವರೂ ಹಾಗೇ ಮಾಡಿದ್ದರು. ಕೊನೆಯವರೆಗೂ ಮಾತು ಕೇಳಿದವನು ನಂಜುಂಡಯ್ಯ ಒಬ್ಬನೇ. ಬ್ಯಾಟರಿ ಇಳಿಯುವುದನ್ನು ನೋಡುತ್ತಾ ನಮ್ಮ ಕೋಣೆಗೆ ಫೋನ್ ಮಾಡಿದ, ಎಂಗೇಜ್. ಮತ್ತೆ ಮಾಡಿದ, ಎಂಗೇಜ್. ಕೊನೆಗೆ ಆದದ್ದಾಗಲಿ ಎಂದು ಸ್ವಿಚ್ ಹಾಕಿದ. ಅಷ್ಟರಲ್ಲಿ ಊರಿನ ಕರೆಂಟೇ ಹೋಗಿತ್ತು. ಜನರೇಟರ್ ಕೆಟ್ಟು ಕೂತು ಎಷ್ಟು ಕಾಲವಾಗಿತ್ತೋ. ಅವನ ಕಣ್ಣೆದುರಿಗೇ ಕುಣಿಗಲ್ ಮೂಕವಾಯಿತು.

ಆ ಮಧ್ಯಾಹ್ನ ಹುತ್ರಿದುರ್ಗದ ಕಡೆ ಒಬ್ಬ ಹೆಂಗಸಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ಅವಳನ್ನು ಕುಣಿಗಲ್‌ಗೆ ತಂದವರು ತುಮಕೂರಿಗೆ ಸಾಗಿಸಲು ಗಾಡಿಗಾಗಿ ಫೋನು ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಓಡಿದರು. ಎಲ್ಲೂ ಸದ್ದಿಲ್ಲ. ಕೊನೆಗೆ ತೆಂಗಿನಕಾಯಿ ಲಾರಿಯೊಂದನ್ನು ಅಡ್ಡ ಹಾಕಿ ಕರೆತಂದರು. ಬದುಕಿದಳು, ದೇವರು ದೊಡ್ಡವನು. ಅವಳ ಕಡೆಯವರು ಮಾತ್ರ ಸುಮ್ಮನಿರಲಿಲ್ಲ, ಸುಮ್ಮನಿರಬೇಕಾದ್ದೂ ಇಲ್ಲ. ದೂರು ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಂಜುಂಡಯ್ಯ ಸಸ್ಪೆಂಡ್ ಆದ. ಸ್ವಿಚ್ ಆಫ್ ಮಾಡಿದವನು ಅವನೇ ತಾನೆ.

ಸಾಹೇಬರು ನನ್ನನ್ನು ಒಳಗೆ ಕರೆದು ಕೂರಿಸಿದರು. ಕಾಫಿ ತರಿಸಿದರು. ಆಗಲೇ ನನಗೆ ಅನುಮಾನ ಬಂತು.

“ಗಿರಿಜಾ, ಮಗಳ ಥರ ಹೇಳ್ತೀನಿ. ಬ್ಯಾಟರಿ ಅಲಾರಂ ಬಂತು, ಕುಣಿಗಲ್‌ಗೆ ಫೋನ್ ಮಾಡ್ದೆ, ಅಲ್ಲಿ ಯಾರೂ ಎತ್ತಲಿಲ್ಲ ಅಂತ ಹೇಳಿಕೆ ಕೊಟ್ಬಿಡು. ನಿನ್ಗೂ ತೊಂದ್ರೆ ಇಲ್ಲ, ಆಫೀಸಿಗೂ ಇಲ್ಲ.”

“ನಂಜುಂಡಯ್ಯನಿಗೆ?”

“ಅವನದು ಹೆಂಗೂ ಆಗಿದೆಯಲ್ಲಮ್ಮಾ.”

“ಮಗಳ ಥರ ಹೇಳ್ಬೇಡಿ ಸರ್. ಆಫೀಸರ್ ಥರ ಹೇಳಿ. ಸುಳ್ಳು ಹೇಳು ಅಂತ ನಿಮ್ ಕೈಯಾರೆ ಬರೆದು ಸಹಿ ಹಾಕ್ಕೊಡಿ, ಆಮೇಲೆ ಯೋಚನೆ ಮಾಡ್ತೀನಿ.”

ಅವರ ಮುಖ ಬಿಗಿಯಿತು. “ಆಗ ನಿನ್ ಮೇಲೂ ಬರುತ್ತೆ. ಅಕ್ ಒತ್ತಿದೋಳು ನೀನು.”

“ಬರ್ಲಿ. ಬಂದೋರಿಗೆ ಆ ಕುರ್ಚಿ ತೋರಿಸ್ತೀನಿ.”

ಕಾಫಿ ಹಾಗೇ ಬಿಟ್ಟು ಎದ್ದು ಬಂದೆ. ಒಳ್ಳೆಯ ಕಾಫಿ, ಈಗಲೂ ನೆನಪಿದೆ.

ಅದೇ ವಾರ ನಂಜುಂಡಯ್ಯ ಮನೆಗೆ ಬಂದ. ಹಣೆಯಲ್ಲಿ ವಿಭೂತಿಯೂ ಇರಲಿಲ್ಲ. ಬಾಗಿಲಲ್ಲೇ ನಿಂತುಕೊಂಡು, “ಅಕ್ಕ, ಅವ್ರು ಹೇಳ್ದಂಗೆ ಹೇಳ್ಬುಡಿ. ನನ್ನಿಂದ ನೀವೂ ಯಾಕ್ ಹಾಳಾಗ್ತೀರ? ನಾನು ಏನಾದ್ರೂ ಮಾಡ್ಕತೀನಿ ಬುಡಿ” ಎಂದ.

ನನಗೆ ಅಳು ಬಂತು, ಅಳು ಬಂದದ್ದಕ್ಕೇ ಇನ್ನೂ ಸಿಟ್ಟು ಬಂತು. “ಲೋ, ಹುಟ್ಟಿದಾಗ್ಲಿಂದ ಎಲ್ಲರಿಗೂ ಆಯ್ತು ಸರ್ ಆಯ್ತು ಸರ್ ಅಂದಿದ್ದಕ್ಕೇ ಈ ಗತಿ ಬಂದಿರೋದು. ಈಗ ನನಗೂ ಅದನ್ನೇ ಕಲಿಸ್ತೀಯಾ? ಒಳಗೆ ಬಾ, ಊಟ ಮಾಡು” ಎಂದೆ. ನನ್ನ ಗಂಡ ತಟ್ಟೆ ಹಾಕಿದರು. ನಂಜುಂಡಯ್ಯ ತಲೆ ಎತ್ತದೆ ಉಂಡು ಹೋದ.

ವಿಚಾರಣೆಗೆ ಬೆಂಗಳೂರಿನಿಂದ ಬಂದ ಅಧಿಕಾರಿ ಕಡಿಮೆ ಮಾತಿನವರು. ಸಾಹೇಬರ ಚೇಂಬರಿನಲ್ಲಿ ಕೂತು ನನ್ನನ್ನು ಕರೆಸಿದರು. ಅಲಾರಂ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ನೋಡಿದಿರಾ? ಇಲ್ಲ. ಯಾಕೆ?

“ಬಾಯಲ್ಲಿ ಹೇಳಿದ್ರೆ ನೆಪ ಅನ್ನಿಸುತ್ತೆ ಸರ್. ನೀವೇ ಬಂದು ಕೂತ್ಕೊಳಿ. ಅವತ್ತು ಏನೇನು ಮಾಡಿಸಿದ್ರೋ ಅದನ್ನೇ ಮತ್ತೆ ಮಾಡಿಸ್ತೀನಿ. ಈ ಸಲ ಬ್ಯಾಟರಿ ಇಳಿಸೋದು ಬೇಡ, ಟೆಸ್ಟ್ ಸ್ವಿಚ್ ಒತ್ತಿದ್ರೆ ಅಲಾರಂ ಮಾತ್ರ ಬರುತ್ತೆ. ಮೊದಲೇ ಹೇಳಿರ್ತೀನಿ, ಕುಣಿಗಲ್‌ನಿಂದ ಬರುತ್ತೆ. ಹಿಡೀರಿ.”

ಸಾಹೇಬರು “ಇದೇನು ಆಟಾನಾ?” ಎಂದರು. ವಿಚಾರಣೆಯವರು ಕನ್ನಡಕ ಒರೆಸಿ ಹಾಕಿಕೊಂಡು, “ನಡೀರಿ” ಎಂದರು.

ಗುಬ್ಬಿ, ಊರ್ಡಿಗೆರೆ, ಕುಣಿಗಲ್, ಇನ್ನುಳಿದ ಹಳ್ಳಿಗಳು, ಎಲ್ಲ ಕಡೆ ಬಾಗಿಲು ತೆಗೆದರು, ಸ್ವಿಚ್ ಆಫ್ ಮಾಡಿದರು. ಪರದೆ ಕೆಂಪಾಯಿತು. ವಿಚಾರಣೆಯವರು ಮೊದಮೊದಲು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಓದಿ ಒತ್ತುವುದರೊಳಗೆ ಇನ್ನಷ್ಟು ಬಂದು ಬೀಳುತ್ತಿದ್ದವು. ಒತ್ತಿದ್ದೇ ಮತ್ತೆ ಬರುತ್ತಿತ್ತು. ಕೂಗು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಪರದೆಯಿಂದ ಇಳಿಯಿತು, ಕಣ್ಣು ಮಾತ್ರ ಓದಿತು. ಆಮೇಲೆ ಕಣ್ಣೂ ಸೋತು ಕೈಯೊಂದೇ ಕೆಲಸ ಮಾಡಿತು. ನಾನು ಅವರ ಹಿಂದೆ ಕೈಕಟ್ಟಿ ನಿಂತಿದ್ದೆ. ಒತ್ತಿದರು, ಒತ್ತಿದರು, ಒತ್ತಿದರು.

ಕೂಗು ನಿಲ್ಲಿಸಲು ಎಲ್ಲ ಕಡೆ ಸ್ವಿಚ್ ಹಾಕಿಸಿದೆ. ಪರದೆ ಶಾಂತವಾಯಿತು.

“ಕುಣಿಗಲ್‌ದು ಇನ್ನೂ ಬರಲಿಲ್ಲವಲ್ಲ?” ಎಂದರು ಅವರು.

“ಬಂದು ಹೋಯ್ತು ಸರ್. ನೀವೇ ಒತ್ತಿದ್ರಿ.”

ಅವರು ಕೆಳಗೆ ಸರಿದ ಸಾಲುಗಳನ್ನು ಮೇಲೆತ್ತಿ ನೋಡಿದರು. ಇತ್ತು. ಎಸಿಯ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

“ಮೊದಲೇ ಹೇಳಿದ್ರೂ ನಿಮಗೆ ಸಿಗಲಿಲ್ಲ ಸರ್. ನನಗೆ ಯಾರೂ ಹೇಳಿರಲಿಲ್ಲ” ಎಂದೆ. “ಈಗ ಇನ್ನೊಂದ್ಸಲ ಕೂತ್ಕೊಳಿ.”

ತೆಗೆಸಿದ್ದ ನನ್ನ ನಿಯಮಗಳನ್ನು ಮತ್ತೆ ಹಾಕಿದೆ. ಸಾಹೇಬರು ಏನೋ ಹೇಳಹೋದರು, ವಿಚಾರಣೆಯವರು ಕೈ ಎತ್ತಿ ತಡೆದರು. ಮತ್ತದೇ ಬಾಗಿಲುಗಳು, ಅದೇ ಸ್ವಿಚ್ಚುಗಳು. ಈ ಸಲ ಊರಿಗೊಂದು ಸಾಲು ಬಂದು ಸುಮ್ಮನೆ ಕೂತಿತು. ಕೂಗಿಲ್ಲ. ವಿಚಾರಣೆಯವರು ಕುರ್ಚಿಗೆ ಒರಗಿದರು. ಇದ್ದಕ್ಕಿದ್ದಂತೆ ಕೋಣೆಯಲ್ಲಿ ಒಂದೇ ಒಂದು ಕೂಗು. ಅವರು ಬೆಚ್ಚಿ ಮುಂದೆ ಬಾಗಿ, “ಕುಣಿಗಲ್! ಬ್ಯಾಟರಿ!” ಎಂದು ಜೋರಾಗಿ ಅಂದರು. ಅಂದಮೇಲೆ ತಾವೇ ನಾಚಿಕೊಂಡು ಕನ್ನಡಕ ತೆಗೆದರು.

ಸ್ವಿಚ್ ಆಫ್ ಮಾಡಿಸಿದ್ದು ಯಾರು, ಫೋನ್ ಎತ್ತಿಟ್ಟಿದ್ದು ಯಾರು ಎಂಬುದನ್ನು ಅಲ್ಲೇ, ಆ ಪರದೆಯ ಮುಂದೆಯೇ ಹೇಳಿದೆ. ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಇಲ್ಲ ಎನ್ನಲಿಲ್ಲ. ಅಷ್ಟರ ಮಟ್ಟಿಗೆ ಅವರ ಮೇಲೆ ನನಗೆ ಗೌರವ ಇದೆ.

ನಂಜುಂಡಯ್ಯನ ಸಸ್ಪೆನ್ಷನ್ ರದ್ದಾಯಿತು. ನನ್ನ ನಿಯಮಗಳನ್ನು ‘ತಾತ್ಕಾಲಿಕ’ ಎಂದು ಉಳಿಸಿಕೊಂಡರು. ನಾನು ರಿಟೈರ್ ಆದಾಗಲೂ ಅವು ತಾತ್ಕಾಲಿಕವಾಗಿಯೇ ನಡೆಯುತ್ತಿದ್ದವು. ನನಗೆ ಬಂದದ್ದು ಬೇರೆ. ಅನುಮತಿ ಇಲ್ಲದೆ ವ್ಯವಸ್ಥೆಯಲ್ಲಿ ಕೈಯಾಡಿಸಿದ್ದಕ್ಕೆ ವಿಷಾದ ಸೂಚಿಸಿದರೆ ತುಮಕೂರಿನಲ್ಲೇ ಇರಬಹುದು, ಇಲ್ಲದಿದ್ದರೆ ಗುಬ್ಬಿಗೆ ಎಂದರು. ಸಾಹೇಬರೇ ಕರೆದು, “ಒಂದ್ ಮಾತು ಸಾರಿ ಅಂದ್ಬಿಡು ಗಿರಿಜಾ, ನಿನ್ ಗಂಟೇನ್ ಹೋಗುತ್ತೆ?” ಎಂದರು. ಈ ಸಲ ನಿಜವಾಗಿಯೂ ಮಗಳಿಗೆ ಹೇಳುವ ಹಾಗೇ ಹೇಳಿದರು.

“ಗುಬ್ಬಿ ಬಸ್ಸು ನನಗೆ ಹೊಸದಲ್ಲ ಸರ್” ಎಂದೆ.

ಗುಬ್ಬಿಯ ಹಾಲ್ ಹಾಗೇ ಇತ್ತು. ರಂಗಪ್ಪನವರು ರಿಟೈರ್ ಆಗಿ ಹೋಗಿದ್ದರು. ಅವರ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ನೋಡಿದರೆ, ಬ್ಯಾಟರಿ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ನಂಜುಂಡಯ್ಯ ಹೊರಗೆ ಬಂದ. ಕುಣಿಗಲ್‌ನವರು ಅವನನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿರಲಿಲ್ಲವಂತೆ. ಹಣೆಯ ಮೇಲೆ ವಿಭೂತಿ ಮತ್ತೆ ಬಂದಿತ್ತು.

“ಬನ್ನಿ ಅಕ್ಕ” ಎಂದವನು ಬಾಗಿಲ ಮೇಲೆ ನೋಡಿ ನಕ್ಕ. ಬಾಗಿಲ ಮೇಲೆ ಅದೇ ಗಂಟೆ, ಅದರ ಬಾಯಿಗೆ ಬಟ್ಟೆ. ಪಂಚೆಯಲ್ಲ, ಈ ಸಲ ಯಾರದೋ ಖಾಕಿ ಪ್ಯಾಂಟಿನ ತುಂಡು.

“ಇದನ್ನ ತೆಗೀಬಾರ್ದು ಅಂತ ಹಳಬರು ಹೇಳ್ ಹೋಗವ್ರೆ” ಎಂದ ನಂಜುಂಡಯ್ಯ. ನಾನು ಅವನ ಮುಖ ನೋಡಿದೆ. ಅವನು ತಾನೇ ಹೋಗಿ ಕುರ್ಚಿ ತಂದ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದ. “ಯಾವ್ ತಂತಿ ಬಿಚ್ಲಿ, ಹೇಳಿ” ಎಂದ.

“ಮೆಮೊ ಬರುತ್ತೆ ಕಣೋ.”

“ಬರ್ಲಿ ಬುಡಿ” ಎಂದ, ಕುರ್ಚಿ ಹತ್ತಿದ.

ಬಟ್ಟೆ ಕೆಳಗೆ ಬಿತ್ತು. ಬಾಗಿಲು, ಫ್ಯಾನು, ಕರೆಂಟಿನ ತಂತಿಗಳು ದೀಪಕ್ಕೆ ಹೋದವು. ಆಮೇಲೆ ಎಷ್ಟೋ ದಿನ ಗಂಟೆ ಸುಮ್ಮನಿತ್ತು. ಕರೆಂಟು ಹೋಯಿತು, ಬಂತು, ಬಾಗಿಲು ತೆಗೆದರು, ಹಾಕಿದರು. ಸೈಕಲ್ ಅಂಗಡಿಯವನು ಒಮ್ಮೆಯೂ ವಿಚಾರಿಸಲು ಬರಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದೆವು. ಮುದ್ದೆ ಮುರಿದು ಕೈಯಲ್ಲಿ ಹಿಡಿದಿದ್ದ ನಂಜುಂಡಯ್ಯ.

ಗಂಟೆ ಹೊಡೆಯಿತು. ಇಬ್ಬರೂ ಎದ್ದೆವು.